ಆಟದ ಡಿಸ್ಕಿನೊಳಗೆ ಉಳಿದುಹೋದ ಪಿಟೀಲು

ನನ್ನ ಹೆಂಡತಿ ನುಡಿಸಿದ ಪಿಟೀಲಿನ ಏಳು ತುಣುಕುಗಳು ಒಂದು ವಿಡಿಯೋ ಗೇಮಿನ ಡಿಸ್ಕಿನೊಳಗೆ ವರ್ಷಗಟ್ಟಲೆ ಯಾರ ಕಿವಿಗೂ ಬೀಳದೆ ಕೂತಿದ್ದವು. ಅವನ್ನು ಹೊರಗೆ ತೆಗೆದವನು ನಾನು. ಈ ಮಾತನ್ನು ಇಷ್ಟು ಹೊತ್ತಿಗೆ ಸಿಡ್ನಿಯ ಅರ್ಧ ಕನ್ನಡಿಗರಿಗೆ ಹೇಳಿ ಮುಗಿಸಿದ್ದೇನೆ. ತೆಗೆಯುವ ಮುಂಚೆ ಹದಿನಾಲ್ಕು ತಿಂಗಳು ಹೆದರಿಕೊಂಡು ಕೂತಿದ್ದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಮೂವತ್ತೆಂಟನೇ ವಯಸ್ಸಿನಲ್ಲಿ ಬೆಂಗಳೂರಿನ ಕೆಲಸ ಬಿಟ್ಟು, ಹೆಂಡತಿ ಮತ್ತು ಪುಟ್ಟ ಮಗಳೊಂದಿಗೆ ಮೆಲ್ಬರ್ನಿಗೆ ಓದಲು ಹೋದವನು ನಾನು. ಮೊದಲ ದಿನ ಕ್ಲಾಸಿಗೆ ಕಾಲಿಟ್ಟಾಗ ನಮ್ಮ ಕಡೆಯ ಇಬ್ಬರು ಹುಡುಗರು ನನ್ನನ್ನು ಮೇಷ್ಟ್ರು ಅಂದುಕೊಂಡು ಎದ್ದು ನಿಂತಿದ್ದರು. ಡ್ಯಾಂಡಿನಾಂಗ್‌ನಲ್ಲಿ ಎರಡು ಕೋಣೆಯ ಯೂನಿಟ್, ಅಂದರೆ ಫ್ಲಾಟು. ಹೆಂಡತಿ ಮೈಸೂರಿನಲ್ಲಿ ಹದಿನೈದು ವರ್ಷ ಪಿಟೀಲು ಕಲಿತವಳು. ಇಲ್ಲಿ ಕಛೇರಿಯಿಲ್ಲ, ಪಾಠವಿಲ್ಲ. ಬೆಳಗ್ಗೆ ಮಗಳನ್ನು ಸ್ಕೂಲಿಗೆ ಬಿಟ್ಟು ಬಂದು ಒಬ್ಬಳೇ ಸಾಧನೆ ಮಾಡುತ್ತಿದ್ದಳು.

ಒಂದು ದಿನ ಪಕ್ಕದ ಯೂನಿಟ್‌ನ ಯುವಕ ಬಾಗಿಲು ತಟ್ಟಿದ. ಗಲಾಟೆಯ ದೂರು ತಂದಿದ್ದಾನೆ ಎಂದು ನನಗೆ ಖಾತ್ರಿ. ಅವನು ಬಾಯಿ ತೆರೆಯುವ ಮೊದಲೇ ಕ್ಷಮೆ ಕೇಳಿದೆ, ಇನ್ನು ಮೇಲೆ ಕಿಟಕಿ ಮುಚ್ಚುತ್ತೇವೆ ಎಂದೆ, ಹೆಂಡತಿಯ ಕಡೆಯಿಂದಲೂ ಇನ್ನೊಮ್ಮೆ ಕ್ಷಮೆ ಕೇಳಿದೆ. ಅವನು ತಲೆ ಕೆರೆದುಕೊಳ್ಳುತ್ತ, ದಯವಿಟ್ಟು ಮುಚ್ಚಬೇಡಿ, ನಾನೊಂದು ಸಣ್ಣ ಗೇಮ್ ಕಂಪನಿಗೆ ಸಂಗೀತ ಮಾಡುತ್ತೇನೆ, ಇವರು ನಮಗಾಗಿ ನುಡಿಸುತ್ತಾರಾ ಎಂದು ಕೇಳಲು ಬಂದೆ ಎಂದ.

ರೈಲ್ವೆ ಸ್ಟೇಷನ್ ಆಚೆಗಿನ ಒಂದು ಹಳೆಯ ಗೋದಾಮಿನಲ್ಲಿ ರೆಕಾರ್ಡಿಂಗ್. ಕುರ್ಚಿ ಕೊಟ್ಟರು, ಇವಳು ಬೇಡವೆಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮೈಕನ್ನು ಅವಳ ಮಟ್ಟಕ್ಕೆ ಇಳಿಸಲು ಸ್ಟ್ಯಾಂಡೇ ಇರಲಿಲ್ಲ, ಪೇಂಟ್ ಡಬ್ಬಕ್ಕೆ ಕಟ್ಟಿ ನಿಲ್ಲಿಸಿದರು. ಆಟದಲ್ಲಿ ನದಿ ದಂಡೆಯ ಹಳೇ ಪಟ್ಟಣವೊಂದು ಬರುತ್ತದೆ, ಮೆಟ್ಟಿಲು, ನೀರು, ದೋಣಿ, ಅದಕ್ಕೆ ನುಡಿಸಬೇಕು ಎಂದು ಯುವಕ ವಿವರಿಸಿದ. ಇವಳು ಎಲ್ಲ ಕೇಳಿಕೊಂಡು ನನ್ನ ಕಡೆ ತಿರುಗಿದಳು.

"ರೀ, ಅಲ್ಲಿ ಬೆಳಗ್ಗೆನೋ ಸಂಜೆನೋ ಕೇಳಿ."

"ಕಂಪ್ಯೂಟರ್ ಗೇಮಿನಲ್ಲಿ ಬೆಳಗ್ಗೆ ಸಂಜೆ ಏನೇ?"

"ಹೊತ್ತು ಗೊತ್ತಾಗದೆ ಯಾವ ರಾಗ ಅಂತ ನುಡಿಸ್ಲಿ? ಕೇಳ್ರೀ ಸುಮ್ನೆ."

ಕೇಳಿದೆ. ಯುವಕ ಪಕ್ಕದಲ್ಲಿದ್ದ, ಆಟಕ್ಕೆ ಚಿತ್ರ ಬರೆಯುವವನ ಮುಖ ನೋಡಿದ, ಚಿತ್ರದವನು ಇವನ ಮುಖ ನೋಡಿದ. ಆ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಕೊನೆಗೆ ಸಂಜೆ ಎಂದು ತೀರ್ಮಾನವಾಯಿತು. ಇವಳು ಸಂಜೆಯ ರಾಗ ಪೂರ್ವಿಕಲ್ಯಾಣಿಯಿಂದ ಶುರುಮಾಡಿ ಎರಡು ಶನಿವಾರಗಳಲ್ಲಿ ಏಳು ತುಣುಕು ನುಡಿಸಿದಳು.

ಓದು ಮುಗಿದು ನನಗೆ ಸಿಡ್ನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಸಿಕ್ಕಿತು. ಕ್ವೇಕರ್ಸ್ ಹಿಲ್‌ನಲ್ಲಿ ಬಾಡಿಗೆ ಮನೆ ಹಿಡಿದೆವು. ಮರುವರ್ಷ ಆ ಗೇಮ್ ಅಂಗಡಿಗೆ ಬಂತು. ಅಷ್ಟರಲ್ಲಿ ಇವಳು, ಯಾವತ್ತೂ ತನ್ನ ಬಗ್ಗೆ ನಾಲ್ಕು ಮಾತು ಆಡದವಳು, ಸಬರ್ಬಿನ ಕನ್ನಡದ ಮನೆಗಳಿಗೆಲ್ಲ ವಿಷಯ ಹೇಳಿಬಿಟ್ಟಿದ್ದಳು. ಯಾರದೋ ಮಗುವಿನ ಹುಟ್ಟುಹಬ್ಬದಲ್ಲಿ, ಎಲ್ಲರ ತಟ್ಟೆಯಲ್ಲೂ ಬಿಸಿಬೇಳೆಬಾತ್ ಇದ್ದ ಹೊತ್ತಿಗೆ, ಒಬ್ಬಾಕೆ ಆ ಕಡೆಯಿಂದಲೇ ಕೂಗಿದರು:

"ಆಂಟೀ, ನಿಮ್ಮ ಪಿಟೀಲು ಯಾವ ಲೆವೆಲ್‌ನಲ್ಲಿ ಬರತ್ತೆ? ನನ್ ಮಗ ಪೂರ್ತಿ ಆಡಿ ಮುಗಿಸ್ದ. ಬರೀ ಕೀಬೋರ್ಡಂತೆ ಅದು! ಮ್ಯೂಟ್‌ನಲ್ಲಿ ನುಡಿಸಿದ್ರಾ ಹೇಗೆ?"

ಎಲ್ಲರೂ ನಕ್ಕರು. ನಾನೂ, ಏನು ಮಾಡಬೇಕೋ ತೋಚದೆ, ನಕ್ಕೆ. ಅದನ್ನು ಇವತ್ತಿಗೂ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ.

ಮನೆಗೆ ಬಂದು ಗೇಮನ್ನು ಮೊದಲಿಂದ ಕೊನೆವರೆಗೆ ಮಗಳ ಕೈಲಿ ಆಡಿಸಿದೆವು. ನದಿ ದಂಡೆಯ ಪಟ್ಟಣವೇ ಇಲ್ಲ. ಕೊನೆಯಲ್ಲಿ ಉರುಳುವ ಹೆಸರುಗಳಲ್ಲಿ ಇವಳ ಹೆಸರೂ ಇಲ್ಲ. ಮೆಲ್ಬರ್ನಿನ ಯುವಕನಿಗೆ ಫೋನ್ ಮಾಡಿದರೆ ನಂಬರ್ ಸತ್ತಿತ್ತು. ಕಂಪನಿ ಮುಚ್ಚಿಹೋಗಿದೆ ಎಂದು ಅಂತರ್ಜಾಲದಲ್ಲಿ ಓದಿ ತಿಳಿದೆ.

"ಚೆನ್ನಾಗಿ ಬಂದಿದ್ರೆ ಹಾಕ್ತಿದ್ರು ಬಿಡಿ," ಎಂದಳು ಇವಳು. ಅಷ್ಟೇ. ಪಿಟೀಲಿನ ಪೆಟ್ಟಿಗೆ ಬೀರುವಿನ ಮೇಲೆ ಸೂಟ್‌ಕೇಸುಗಳ ಹಿಂದೆ ಹೋಯಿತು. ಸಾಧನೆ ನಿಂತಿತು. ಬೆಳಗಿನ ಹೊತ್ತು ಮನೆ ಎಷ್ಟು ಸಪ್ಪಗಿತ್ತೆಂದರೆ, ಫ್ರಿಜ್ಜಿನ ಗುಂಯ್ ಶಬ್ದ ಯಾವ ಶ್ರುತಿಯಲ್ಲಿದೆ ಎಂದು ನನಗೂ ಗೊತ್ತಾಗುವಷ್ಟು.

ಆ ಗೇಮನ್ನು ಮೆಚ್ಚಿ ಹರಟುವವರ ಒಂದು ಫೋರಮ್ ನನ್ನ ಕಣ್ಣಿಗೆ ಬಿದ್ದದ್ದು ಆಗಲೇ. ಆಟದಲ್ಲಿ ಕೇಳುವ ಸಂಗೀತಕ್ಕಿಂತ ಡಿಸ್ಕಿನಲ್ಲಿರುವ ಸಂಗೀತದ ಫೈಲ್ ತುಂಬ ದೊಡ್ಡದು, ಒಳಗೆ ಬಿಡುಗಡೆಯಾಗದ ಹಾಡುಗಳಿರಬೇಕು, ಆದರೆ ತೆರೆಯುವುದು ಹೇಗೋ ತಿಳಿಯುತ್ತಿಲ್ಲ ಎಂದು ಯಾರೋ ಬರೆದಿದ್ದರು. ದಿನಬೆಳಗಾದರೆ ಫೈಲುಗಳ ಹೊಟ್ಟೆ ಸೀಳಿ ನೋಡುವುದೇ ನನ್ನ ಉದ್ಯೋಗ. ಒಂದು ಮಧ್ಯಾಹ್ನದ ಕೆಲಸ.

ಆದರೆ ಆಸ್ಟ್ರೇಲಿಯಾದಲ್ಲಿ ಕಾಯಂ ಉಳಿಯಲು ಬೇಕಾದ ಪಿಆರ್‌ಗೆ ನಮ್ಮ ಅರ್ಜಿ ಆಗ ತಾನೇ ಹೋಗಿತ್ತು. ನಡತೆಯ ಬಗ್ಗೆ ಕೇಳುವ ಪುಟಕ್ಕೆಲ್ಲ ಇಲ್ಲ, ಇಲ್ಲ, ಇಲ್ಲ ಎಂದು ಟಿಕ್ ಹಾಕಿ ಸಹಿ ಮಾಡಿದ್ದೆ. ಇನ್ನೊಬ್ಬರ ಡಿಸ್ಕನ್ನು ಬಿಚ್ಚಿ ನೋಡುವುದು ಅಪರಾಧವಾದರೆ? ಅರ್ಜಿ ಹಾಕಿಸಿದ ಏಜೆಂಟರಿಗೆ ಫೋನ್ ಮಾಡಿ ಹಿಂದಿಯಲ್ಲಿ ಕೇಳಿದೆ: ಒಂದು ಸಿಡಿ ಒಳಗಿನ ಫೈಲ್ ತೆರೆದರೆ ಪಿಆರ್‌ಗೆ ತೊಂದರೆಯಾಗುತ್ತದೆಯೇ?

"ಏನಿದೆ ಆ ಸಿಡಿಯಲ್ಲಿ?" ಎಂದರು, ದನಿ ತಗ್ಗಿಸಿ.

"ನನ್ನ ಹೆಂಡತಿಯ ಪಿಟೀಲು."

"ಭಾಯಿಸಾಬ್, ಚಹಾ ಕುಡಿದು ಮಲಗಿ," ಎಂದು ಫೋನಿಟ್ಟರು.

ಇದನ್ನು ನಾನು ಅನುಮತಿ ಎಂದು ತಿಳಿಯಲಿಲ್ಲ. ಡಿಸ್ಕನ್ನು ಪಾಸ್‌ಪೋರ್ಟುಗಳ ಜೊತೆ ಇಟ್ಟು ಬೀಗ ಹಾಕಿದೆ. ಆಮೇಲೆ ಪಾಸ್‌ಪೋರ್ಟಿನ ಜೊತೆ ಇಡುವುದೇ ಅನುಮಾನಕ್ಕೆ ದಾರಿ ಅನ್ನಿಸಿ, ಅಡುಗೆಮನೆಯ ಡ್ರಾಯರಿಗೆ ಸಾಗಿಸಿದೆ. ಹದಿನಾಲ್ಕು ತಿಂಗಳು. ಅಷ್ಟು ದಿನವೂ ಇವಳು ತಾನು ಕೆಟ್ಟದಾಗಿ ನುಡಿಸಿದೆ ಎಂದು ನಂಬಿಕೊಂಡೇ ಪಾತ್ರೆ ತೊಳೆದಳು, ನಾನು ಅಂಚೆ ಡಬ್ಬ ನೋಡಿದೆ.

ಪಿಆರ್ ಪತ್ರ ಬಂದ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಡಿಸ್ಕ್ ತೆಗೆದೆ. ದೊಡ್ಡ ಫೈಲಿನ ತುದಿಯಲ್ಲಿ ಒಂದು ಪಟ್ಟಿ ಇತ್ತು. ಅಸಂಬದ್ಧ ಅಕ್ಷರಗಳ ನಡುವೆ ಇಂಗ್ಲಿಷಿನಲ್ಲಿ ಓದಲು ಬರುವ ಮೂರು ಮಾತು: ನದಿಪಟ್ಟಣ, ಸಂಜೆ, ಒಂದು. ಕೆಳಗೆ ನದಿಪಟ್ಟಣ, ಸಂಜೆ, ಎರಡು. ಹೀಗೆ ಏಳರವರೆಗೆ. ನಾನು ಕುರ್ಚಿಯಿಂದ ಎದ್ದು, ಹಿತ್ತಲಿನ ಬಟ್ಟೆ ಒಣಗುವ ತಂತಿಯವರೆಗೆ ಹೋಗಿ ವಾಪಸ್ ಬಂದೆ.

ಮೊದಲನೆಯದನ್ನು ಕತ್ತರಿಸಿ ಧ್ವನಿಯ ಪ್ರೋಗ್ರಾಮಿಗೆ ಹಾಕಿದೆ. ದನಿ ಯಾವ ವೇಗದ್ದೆಂದು ಫೈಲ್ ಹೇಳುತ್ತಿರಲಿಲ್ಲ, ಅಂದಾಜಿನಲ್ಲಿ ಒಂದು ಅಂಕಿ ಕೊಟ್ಟೆ. ಸೊಳ್ಳೆಯೊಂದು ಓಡುತ್ತ ಅಳುವ ಹಾಗೆ ಕೇಳಿಸಿತು.

"ಅಪ್ಪಾ, ದಟ್ಸ್ ಹಾರಿಬಲ್," ಎಂದು ಮಗಳು ಕಿವಿ ಮುಚ್ಚಿಕೊಂಡಳು.

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಒದ್ದೆ ಕೈಯಲ್ಲೇ ಇವಳು ಬಾಗಿಲಿಗೆ ಬಂದಳು.

"ಪೂರ್ವಿಕಲ್ಯಾಣಿ ಅಲ್ವೇನ್ರೀ ಅದು?"

"ಸರಿಯಾಗಿ ಬರ್ತಿಲ್ಲ ಕಣೆ. ವೇಗ ಎಷ್ಟು ಅಂತ ಗೊತ್ತಾಗ್ತಿಲ್ಲ."

"ಶ್ರುತಿ ಎಲ್ಲಿಗೋ ಹೋಗಿದೆ. ನಾನು ಯಾವತ್ತೂ ಎರಡೂವರೆ ಮನೆ ಶ್ರುತಿಗೇ ತಂತಿ ಕಟ್ಟೋದು. ಇಳಿಸಿ."

ಇಳಿಸಿದೆ. ಈಗ ಆನೆ ಆಕಳಿಸಿದಂತಾಯಿತು. ಏರಿಸಿದೆ. "ಅಲ್ಲ," ಎಂದಳು. ಮತ್ತೆ ಇಳಿಸಿದೆ. "ಅಲ್ಲಾರೀ, ನಿಮಗೆ ಕಿವಿನೇ ಇಲ್ಲ." ಕೈ ಒರೆಸಿಕೊಂಡು ರೂಮಿಗೆ ಹೋದಳು. ಬೀರುವಿನ ಮೇಲಿಂದ ಸೂಟ್‌ಕೇಸುಗಳು ದಡದಡನೆ ಬಿದ್ದ ಸದ್ದಾಯಿತು. ನಾನು ಏಳಲಿಲ್ಲ. ಎದ್ದು ಸಹಾಯಕ್ಕೆ ಹೋದರೆ ಅವಳು ಮನಸ್ಸು ಬದಲಿಸಿಬಿಟ್ಟಾಳೆಂಬ ಭಯ. ನನ್ನ ಭಯಗಳ ಪೈಕಿ ಉಪಯೋಗಕ್ಕೆ ಬಂದದ್ದು ಅದೊಂದೇ.

ಪಿಟೀಲು ಹಿಡಿದು ಬಂದು ಕಂಪ್ಯೂಟರ್ ಮೇಜಿನ ಕಾಲ ಬಳಿ ನೆಲದ ಮೇಲೆ ಕೂತಳು. ಒಂದು ತಂತಿ ಹರಿದಿತ್ತು, ಉಳಿದವು ಜೋತು ಬಿದ್ದಿದ್ದವು. ಬಿರಡೆ ತಿರುಗಿಸಿ ತಿರುಗಿಸಿ ಷಡ್ಜ ಹಿಡಿದು, ಕಮಾನನ್ನು ಉದ್ದಕ್ಕೆ ಎಳೆದಳು. "ಇದಕ್ಕೆ ತನ್ನಿ," ಎಂದಳು. ಅವಳು ಎಳೆಯುತ್ತ ಹೋದಳು, ನಾನು ಅಂಕಿ ಬದಲಿಸುತ್ತ ಹೋದೆ. ಐದನೆಯ ಸಲವೋ ಆರನೆಯ ಸಲವೋ ಎರಡು ದನಿಗಳೂ ಒಂದರೊಳಗೊಂದು ಕೂತವು. ಡಬ್ಬಿಯೊಳಗಿನದು ಯಾವುದು, ಕೈಯಲ್ಲಿರುವುದು ಯಾವುದು ಎಂದು ತಿಳಿಯದಾಯಿತು. ಅವಳು ಕಮಾನು ನಿಲ್ಲಿಸಿದಳು. ಗೋದಾಮಿನ ಸಂಜೆ ತಾನೇ ನುಡಿಯುತ್ತ ಹೋಯಿತು.

ಏಳನ್ನೂ ಕೇಳಿದಳು, ಕಣ್ಣು ಮುಚ್ಚಿ, ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವವರ ಮುಖದಲ್ಲಿ. ನಾನು ಅವಳ ಹುಬ್ಬನ್ನೇ ನೋಡುತ್ತಿದ್ದೆ. ಇದು ನಿಜವಾಗಿಯೂ ಕೆಟ್ಟದಾಗಿದ್ದರೆ, ಅದನ್ನು ಅವಳಿಗೆ ಪುರಾವೆ ಸಮೇತ ಕೇಳಿಸಿದವನು ನಾನೇ ಆಗುತ್ತೇನಲ್ಲ ಎಂದು ಆಗ ಹೊಳೆಯಿತು.

"ಮೂರನೇದ್ರಲ್ಲಿ ಗಾಂಧಾರ ಒಂಚೂರು ಇಳಿದಿದೆ," ಎಂದಳು. ಆಮೇಲೆ ಕಣ್ಣು ಬಿಟ್ಟು, "ಉಳಿದದ್ದು ಚೆನ್ನಾಗಿದೆ ಕಣ್ರೀ. ಚೆನ್ನಾಗೇ ನುಡಿಸಿದ್ದೀನಿ."

ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ತನ್ನನ್ನು ಹೊಗಳಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಗಳು ಯಾವಾಗಲೋ ಬಂದು ಅಮ್ಮನ ಪಕ್ಕ ನೆಲದ ಮೇಲೆ ಕೂತಿದ್ದಳು. "ಪ್ಲೇ ದ ಸಿಕ್ಸ್ತ್ ಒನ್ ಅಗೇನ್," ಎಂದಳು.

ಫೋರಮ್ಮಿಗೆ ಹಾಕುವ ಮೊದಲು ಅನುಮತಿ ಬೇಡವೇ? ಪಿಆರ್ ಬಂತು ಸರಿ, ಮುಂದೆ ಸಿಟಿಜನ್‌ಶಿಪ್ ಇದೆ. ಡ್ಯಾಂಡಿನಾಂಗ್‌ನ ಹಳೇ ವಿಳಾಸಕ್ಕೆ ಯುವಕನ ಹೆಸರಿಗೆ ಪತ್ರ ಹಾಕಿದೆ. ಅದು ಯಾರ್ಯಾರ ಕೈ ದಾಟಿತೋ, ಮೂರು ವಾರಕ್ಕೆ ಅವನೇ ಫೋನ್ ಮಾಡಿದ. ಸಮಯ ಸಾಲದೆ ಆ ಪಟ್ಟಣವನ್ನೇ ಆಟದಿಂದ ಕಿತ್ತುಹಾಕಿದರಂತೆ. ಸಂಗೀತವನ್ನು ಅಳಿಸಲು ಮನಸ್ಸು ಬಾರದೆ ಅವನು ಡಿಸ್ಕಿನಲ್ಲಿ ಹಾಗೇ ಬಿಟ್ಟಿದ್ದನಂತೆ. "ನಿಮ್ಮ ಹೆಂಡತಿಗೆ ಹೇಳಲು ಮುಖವಿರಲಿಲ್ಲ. ನಾವು ಮಾಡಿದ್ದರಲ್ಲಿ ಅದೇ ಅತ್ಯುತ್ತಮವಾಗಿತ್ತು," ಎಂದ. ಹಾಕಿಕೊಳ್ಳಿ, ಜನ ಕೇಳಲಿ ಎಂದ. ಸ್ಪೀಕರ್ ಹಾಕಿದ್ದೆ; ಇವಳು ಬಟ್ಟೆ ಮಡಿಸುತ್ತಲೇ ಎಲ್ಲ ಕೇಳಿಸಿಕೊಂಡಳು.

ಮರುದಿನ ಏಳು ಫೈಲುಗಳನ್ನೂ ಏರಿಸಲು ಕೂತೆ. ನುಡಿಸಿದವರು ಯಾರು ಎಂದು ತುಂಬುವ ಜಾಗದಲ್ಲಿ ಕೈ ನಿಂತಿತು. ಹೆಸರು ಹಾಕಿದರೆ ನಾಳೆ ಏನಾದರೂ ಬಂದರೆ ಎಂದು ಲೆಕ್ಕ ಹಾಕುತ್ತ, "ಬರೀ ಕರ್ನಾಟಕ ಪಿಟೀಲು ಅಂತ ಬರೀಲಾ?" ಎಂದೆ.

"ಯಾಕೆ? ನನಗೆ ಹೆಸರಿಲ್ವಾ? ಅಪ್ಪನ ಇನಿಷಿಯಲ್ ಸಮೇತ ಹಾಕಿ."

ಹಾಕಿದೆ. ಕಾಗುಣಿತ ಮೂರು ಸಲ ನೋಡಿದೆ. ನಾಲ್ಕನೇ ಸಲ ನೋಡಲು ಹೊರಟಾಗ ಅವಳು ನನ್ನ ಭುಜದ ಮೇಲಿಂದ ಕೈ ಚಾಚಿ, ಮೌಸ್ ಕಸಿದುಕೊಂಡು, ಕಳಿಸುವ ಗುಂಡಿಯನ್ನು ತಾನೇ ಒತ್ತಿದಳು.