ಮೂವತ್ತಾರರ ರೀಲಿನಲ್ಲಿ ನಲವತ್ತೊಂದು ಫೋಟೋ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಉಸಿರಕ್ಕ ಎಂದೇ ಕರೆಯುತ್ತಿದ್ದರು. ಎಕ್ಸ್‌ರೇ ಕೋಣೆಯಲ್ಲಿ ಹದಿನೆಂಟು ವರ್ಷ, ದಿನಕ್ಕೆ ಅರವತ್ತು ಸಲ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ... ಹಾಂ, ಬಿಡಿ" ಎನ್ನುತ್ತ ಬಂದವಳಿಗೆ ಬೇರೆ ಹೆಸರು ಎಲ್ಲಿಂದ ಬರಬೇಕು? ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಕ್ಸ್‌ರೇ ಹಾಳೆಗಳನ್ನು ಕತ್ತಲೆ ಕೋಣೆಯಲ್ಲಿ ತೊಳೆದು ಒಣಹಾಕುವ ಕಾಲವಿತ್ತು. ದ್ರಾವಣದೊಳಗಿನ ಹಾಳೆಯ ಮೇಲೆ ಯಾರದೋ ಪಕ್ಕೆಲುಬು ಮೆಲ್ಲಗೆ ಮೂಡುವುದನ್ನು ಕಂಡು ಅವಳು ಮರುಳಾಗಿದ್ದಳು. ಆಮೇಲೆ ಕಂಪ್ಯೂಟರ್ ಬಂತು, ಕತ್ತಲೆ ಕೋಣೆಯಲ್ಲಿ ಪೊರಕೆ ಬಕೆಟ್ಟುಗಳು ಸಂಸಾರ ಹೂಡಿದವು. ಹುಚ್ಚು ಮಾತ್ರ ಬಿಡಲಿಲ್ಲ. ಒಂದು ದಿನ ಮಿಕ್ಸಿ ತರಲು ಹೋದವಳು ಹಳೇ ಸಾಮಾನಿನ ಅಂಗಡಿಯಿಂದ ರೀಲು ಹಾಕುವ ಕ್ಯಾಮೆರಾ ಹಿಡಿದು ಮನೆಗೆ ಬಂದಳು. ಅಮ್ಮ ಮೂರು ದಿನ ಮಾತು ಬಿಟ್ಟಳು.

ಮನೆಯಲ್ಲಿದ್ದದ್ದು ಒಂದೇ ಬಚ್ಚಲು. ಭಾನುವಾರ ಮಧ್ಯಾಹ್ನ ಅದರ ಕಿಟಕಿಗೆ ಕಂಬಳಿ ಬಡಿದು, ಬಾಗಿಲ ಸಂದಿಗೆ ಟವೆಲ್ ತುರುಕಿ, ಚಿಲಕ ಹಾಕಿಕೊಂಡು ಉಸಿರಕ್ಕ ರೀಲು ತೊಳೆಯಲು ಕೂತಳೆಂದರೆ ಹೊರಗಿದ್ದವರಿಗೆ ದೇವರೇ ಗತಿ. ಅಪ್ಪ ನಲವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, ತಡೆದುಕೊಳ್ಳುವುದನ್ನು ಚೆನ್ನಾಗಿ ಬಲ್ಲವರು. ಅವರೇ ಬಂದು ಬಾಗಿಲು ತಟ್ಟುವರು.

"ಇನ್ನೂ ಎಷ್ಟೊತ್ತಮ್ಮ?"

"ಹನ್ನೊಂದು ನಿಮಿಷ ಅಪ್ಪಾ. ಈಗ ಬಾಗಿಲು ತೆಗೆದ್ರೆ ಎಲ್ಲಾ ಹಾಳಾಗುತ್ತೆ."

"ತೆಗೀದಿದ್ರೆ ಇಲ್ಲೂ ಅದೇ ಕಥೆ ಕಣಮ್ಮ."

ಇಷ್ಟೆಲ್ಲ ಪಡಿಪಾಟಲು ಪಟ್ಟು ಅವಳು ತೆಗೆದದ್ದಾದರೂ ಏನು? ಬಾಲ ಮಾತ್ರ ಸಿಕ್ಕ ಬೆಕ್ಕು, ಮೋಡದಂತೆ ಕಾಣುವ ಬಸ್‌ಸ್ಟಾಪು, ಮೂರು ಸಲ ತನ್ನದೇ ಹೆಬ್ಬೆರಳು. ಆದರೂ ಹತ್ತರಲ್ಲಿ ಒಂದು ಸರಿಬಂದರೆ ಸಾಕು, ಅದನ್ನು ಕಿಟಕಿಗೆ ಹಿಡಿದು ಅರ್ಧ ಗಂಟೆ ನೋಡುತ್ತ ನಿಲ್ಲುವಳು. ಸುಖವೆಂದರೆ ಅವಳದೇ.

ಹೀಗಿರುವಾಗ ಒಂದು ದಿನ ಅಮ್ಮ ಅಂದಳು, "ಊರಿನ ಬೆಕ್ಕಿಗೆಲ್ಲ ಫೋಟೋ ತೆಗೀತೀಯಲ್ಲ, ನಮ್ಮಿಬ್ಬರದ್ದು ಒಂದು ತೆಗಿ ನೋಡೋಣ. ಗೋಡೆಗೆ ಹಾಕ್ಬೇಕು."

ಅವರಿಬ್ಬರೂ ಒಟ್ಟಿಗಿರುವ ಫೋಟೋ ಮನೆಯಲ್ಲಿ ಒಂದೂ ಇರಲಿಲ್ಲ. ಮದುವೆಯದರಲ್ಲಿ ಅಪ್ಪನ ಮುಖಕ್ಕೆ ಸರಿಯಾಗಿ ಯಾರದೋ ಮೊಣಕೈ ಅಡ್ಡ ಬಂದಿತ್ತು. ಉಸಿರಕ್ಕನ ತಮ್ಮ ತನ್ನ ಫೋನಿನಲ್ಲಿ ತೆಗೆದವು, ಫೋನು ನೀರಿಗೆ ಬಿದ್ದಾಗ ಜೊತೆಗೇ ಮುಳುಗಿದವು. ಅಮ್ಮನಿಗೆ ಈ ಕೊರಗು ನಿಜವಾಗಿಯೂ ಇತ್ತು. ಮಗಳು ಹೂಂ ಅಂದ ಸಂಜೆಯೇ ಅವಳು ಚೌಕಟ್ಟು ತಂದು, ಮೊಳೆ ಹೊಡೆಸಿ, ಖಾಲಿಯಾಗಿಯೇ ನೇತುಹಾಕಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವುದು ಇದಕ್ಕೇ. ಪಕ್ಕದ ಮನೆಯಾಕೆ ಬಂದು ಆ ಖಾಲಿ ಗಾಜನ್ನು ದಿಟ್ಟಿಸಿ "ಯಾರದ್ದು ಇದು?" ಎಂದು ಕೇಳಿದರೆ, "ನಮ್ಮದೇ, ಇನ್ನೂ ಬರಬೇಕು" ಎಂದು ಅಮ್ಮ ಗತ್ತಿನಿಂದ ಹೇಳಿದಳು.

ಮೊದಲ ರೀಲು ಹಾಳಾದದ್ದು ಉಸಿರಕ್ಕನ ಬಾಯಿಂದಲೇ. ಇಬ್ಬರನ್ನೂ ಸೋಫಾದ ಮೇಲೆ ಕೂರಿಸಿ, ಕಣ್ಣಿಗೆ ಕ್ಯಾಮೆರಾ ಹಿಡಿದದ್ದೇ ತಡ, ಹದಿನೆಂಟು ವರ್ಷದ ಅಭ್ಯಾಸ ಸುಮ್ಮನಿರುತ್ತದೆಯೇ?

"ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ."

ಆ ಕ್ಯಾಮೆರಾದಲ್ಲಿ ಬೆಳಕು ಅಳೆಯಬೇಕು, ದೂರ ಅಳೆಯಬೇಕು, ಎರಡು ಉಂಗುರ ತಿರುಗಿಸಬೇಕು. ಅಷ್ಟು ಹೊತ್ತೂ ಆ ಹಿರಿಯ ಜೀವಗಳು ಶಿಸ್ತಾಗಿ ಉಸಿರು ಕಟ್ಟಿಕೊಂಡು ಕೂತವು. ತೊಳೆದು ನೋಡಿದರೆ ರೀಲಿನ ಮೂವತ್ತಾರು ಫೋಟೋಗಳಲ್ಲೂ ಉಬ್ಬಿದ ಕೆನ್ನೆ, ಮೇಲೆ ಸಿಕ್ಕಿಕೊಂಡ ಕಣ್ಣು.

"ಇದನ್ನ ಗೋಡೆಗೆ ಹಾಕಿದ್ರೆ ಬಂದವರು ಆಂಬುಲೆನ್ಸ್ ಕರೀತಾರೆ," ಎಂದಳು ಅಮ್ಮ.

"ಲೆನ್ಸು ಹಳೇದು ಅಮ್ಮಾ, ಬೆಳಕೂ..."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಇನ್ನೊಂದೇ ಸಲ ನೋಡ್ತೀನಿ. ಬರದಿದ್ರೆ ಮೂಲೆ ಸ್ಟುಡಿಯೋದವನ ಹತ್ರ ಹೋಗ್ತೀವಿ."

ಈ ಮಾತು ನಾಟಿತು. ಆ ಸ್ಟುಡಿಯೋದವನು ಯಾರು ಬಂದರೂ ಹಿಂದೊಂದು ಜಲಪಾತ ಅಂಟಿಸಿ ಕಳಿಸುವ ಮನುಷ್ಯ. ಹೆತ್ತವರನ್ನು ಅವನ ಜಲಪಾತಕ್ಕೆ ತಳ್ಳುವ ಮಗಳಾಗುವುದೇ? ಉಸಿರಕ್ಕ ಶನಿವಾರ ಕೆಲಸದಿಂದ ಓಡಿಬಂದು ಹೊಸ ರೀಲು ಹಾಕಿದಳು. ಅವಸರದಲ್ಲೇ ಹಾಕಿದಳು.

ಭಾನುವಾರ ಬೆಳಿಗ್ಗೆ ಅವಳು ಬಾಯಲ್ಲಿ ಕರವಸ್ತ್ರ ಕಚ್ಚಿಕೊಂಡು ನಿಂತಳು. ಅಪ್ಪ ಸೋಫಾದಲ್ಲಿ ಕೂತು ಎರಡೂ ಕೈ ಎದೆಯ ಮುಂದೆ ದುಂಡಗೆ ಹಿಡಿದು, ಬಲಗಡೆ ಒಮ್ಮೆ ನೋಡಿಕೊಂಡರು.

"ರೀ, ಕೈ ಇಳಿಸಿ. ಬಸ್ಸು ನಿಂತಿದೆ," ಎಂದಳು ಅಮ್ಮ.

ಅಪ್ಪನಿಗೆ ನಗು ಬಂತು. ನಗುತ್ತ ನಗುತ್ತ, ಒಂದು ಸಲ ಮೇಕೆಯೊಂದು ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೂ ಸೀಟು ಬಿಟ್ಟು ಏಳದ ಕಥೆ ತೆಗೆದರು. ಟಿಕೆಟ್ ಕೇಳಲು ಹೋದ ಕಂಡಕ್ಟರನ ಟಿಕೆಟ್ ಕಟ್ಟನ್ನೇ ಅದು ತಿಂದಿತ್ತಂತೆ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು, ಅಪ್ಪನ ಭುಜಕ್ಕೆ ಒರಗಿದಳು, "ಸುಳ್ಳು ಹೇಳ್ತೀರಾ" ಎಂದು ತೊಡೆಗೊಂದು ಏಟು ಕೊಟ್ಟಳು. ಉಸಿರಕ್ಕ ರೀಲು ಮುಂದೂಡುವ ಹಿಡಿ ತಿರುಗಿಸುವುದು, ಗುಂಡಿ ಒತ್ತುವುದು, ತಿರುಗಿಸುವುದು, ಒತ್ತುವುದು. ಇಂಥ ಬೆಳಗು ಅವಳ ಜನ್ಮದಲ್ಲಿ ಬಂದಿರಲಿಲ್ಲ. ಮೂವತ್ತಾರು ಮುಗಿಯಿತು, ಮೂವತ್ತೇಳೂ ಬಂತು. ಒಂದೆರಡು ಹೆಚ್ಚು ಬರುವುದುಂಟು ಎಂದು ಖುಷಿಪಟ್ಟಳು. ಮೂವತ್ತೊಂಬತ್ತಕ್ಕೆ ತನ್ನ ಅದೃಷ್ಟವನ್ನು ಮೆಚ್ಚಿಕೊಂಡಳು. ನಲವತ್ತೊಂದಕ್ಕೆ ಬೆರಳು ಗುಂಡಿಯ ಮೇಲೇ ನಿಂತಿತು. ಮೂವತ್ತಾರರ ರೀಲಿನಲ್ಲಿ ನಲವತ್ತೊಂದು ಹೇಗೆ ಬಂದೀತು?

ಬಚ್ಚಲಿಗೆ ಓಡಿ, ಕತ್ತಲೆಯಲ್ಲಿ ರೀಲು ಹಿಂದಕ್ಕೆ ಸುತ್ತುವ ಹಿಡಿಯನ್ನು ತಿರುಗಿಸಿದಳು. ಕೊಡ ಕಳಚಿಕೊಂಡ ಬಾವಿಹಗ್ಗದಂತೆ ಅದು ಹಗುರಾಗಿ ತಿರುಗಿತು. ಹಿಂಬಾಗಿಲು ತೆರೆದು ಬೆರಳಾಡಿಸಿದರೆ ರೀಲಿಗೆ ರೀಲೇ ಡಬ್ಬಿಯೊಳಗೆ ಬೆಚ್ಚಗೆ ಕೂತು, ತುದಿಯ ನಾಲಿಗೆಯನ್ನಷ್ಟೇ ಹೊರಚಾಚಿತ್ತು. ರೀಲನ್ನು ಎಳೆದುಕೊಳ್ಳುವ ಕೊಕ್ಕೆಗೆ ಅದು ಸಿಕ್ಕೇ ಇರಲಿಲ್ಲ. ಎರಡು ಗಂಟೆ ಅವಳು ಒತ್ತಿದ್ದು ಬರೀ ಗುಂಡಿ.

ಅವಳಿಗೆ ಅಳು ಒತ್ತರಿಸಿ ಬಂತು. ಸುಳ್ಳು ಹೇಳಿಬಿಡೋಣವೆಂದುಕೊಂಡಳು, ಒಂದು ಸುಳ್ಳೂ ಹೊಳೆಯಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದ ಅಮ್ಮನ ಮುಂದೆ ಹೋಗಿ ನಿಂತಳು.

"ಅಮ್ಮಾ, ಒಂದೂ ಬಂದಿಲ್ಲ. ರೀಲು ಸರಿಯಾಗಿ ಹಾಕಿರ್ಲಿಲ್ಲ. ನಡಿ, ನಾನೇ ಸ್ಟುಡಿಯೋಗೆ ಕರ್ಕೊಂಡು ಹೋಗ್ತೀನಿ."

ಅಮ್ಮ ಬಟ್ಟೆ ಕೆಳಗಿಟ್ಟಳು. "ಅವನು ಎಷ್ಟೊತ್ತು ಕೂರಿಸ್ತಾನೆ?"

"ಎರಡು ನಿಮಿಷ."

"ಅಷ್ಟೇನಾ? ಬೇಡ ಬಿಡು."

"ಮತ್ತೆ ಫೋಟೋ?"

"ಬರುತ್ತೆ, ಯಾವಾಗಾದ್ರೂ." ಅಮ್ಮ ದನಿ ತಗ್ಗಿಸಿದಳು. "ನಿಮ್ಮಪ್ಪನ ಬಸ್ಸಲ್ಲಿ ನಾನು ಎಷ್ಟು ಸಲ ಹೋಗಿದೀನಿ ಗೊತ್ತಾ? ಡ್ರೈವರ್ ಪಕ್ಕ ಸೀಟೆಲ್ಲಿರುತ್ತೆ? ಹಿಂದೆ ಕೂತು ಅವರ ಕತ್ತು ನೋಡ್ಕೊಂಡೇ ಹೋದೆ, ಬಂದೆ. ಹೋದ ಸಲ ಪಕ್ಕ ಕೂತಿದ್ವಿ, ನೀನು ಉಸಿರಾಡೋಕೆ ಬಿಡ್ಲಿಲ್ಲ. ಎರಡು ಗಂಟೆ ಪಕ್ಕದಲ್ಲಿ ಕೂತು ನಕ್ಕಿದ್ದು ಇವತ್ತೇ ಕಣೇ."

ಅಷ್ಟು ಹೇಳಿ ಅಮ್ಮ ಹಜಾರದ ಕಡೆ ತಿರುಗಿ ಕೂಗಿದಳು.

"ರೀ, ಬೆಳಕು ಸಾಲ್ಲಿಲ್ಲವಂತೆ! ಮುಂದಿನ ಭಾನುವಾರ ಮತ್ತೆ ಕೂರಬೇಕಂತೆ!"

"ಕೂರೋಣ ಬಿಡು," ಎಂದರು ಅಪ್ಪ ಅಲ್ಲಿಂದಲೇ. "ಅವಸರ ಮಾಡ್ಬೇಡ ಅಂತ ಅವಳಿಗೆ ಹೇಳು."