ಉಸ್ತಾದರ ಎಡರಟ್ಟೆ

ಮೊನ್ನೆ ಗುತ್ತಲಿನ ನಮ್ಮ ಪಕ್ಕದ ಮನೆಯಲ್ಲಿ ಯಾರಿಗೋ ಕಾಲು ಉಳುಕಿತ್ತು. ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿದ ಹರಳೆಣ್ಣೆಯ ವಾಸನೆ ಗೋಡೆ ದಾಟಿ ನನ್ನ ಮೇಜಿನವರೆಗೂ ಬಂತು. ಓದುತ್ತಿದ್ದ ಪುಸ್ತಕ ಮುಚ್ಚಿಟ್ಟೆ. ಮಳವಳ್ಳಿಯ ಗರಡಿಮನೆ, ಅದರ ತಗ್ಗು ಬಾಗಿಲು, ಒಳಗಿನ ಕೆಮ್ಮಣ್ಣು... ನಮ್ಮ ಉಸ್ತಾದರು.

ಸ್ವಾತಂತ್ರ್ಯ ಬರುವುದಕ್ಕೆ ಎರಡು ವರ್ಷ ಮುಂಚಿನ ಮಾತು. ಮೂರೂ ಇರಬಹುದು. ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ರಜೆಗೆ ಊರಿಗೆ ಬಂದಿದ್ದೆ. ಉಸ್ತಾದರಿಗೆ ಆಗ ಮೂವತ್ತೊಂಬತ್ತು. ಅವರ ತಂದೆ ನಲವತ್ತು ತುಂಬುವ ಮೊದಲೇ ಗದ್ದೆಯಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದರು. ಅಣ್ಣನೂ ಅದೇ ವಯಸ್ಸಿನಲ್ಲಿ, ಹಾಗೆಯೇ. ಉಸ್ತಾದರು ದಿನವೂ ಅಷ್ಟೊಂದು ಸಾಮು ಮಾಡುತ್ತಿದ್ದದ್ದು ಕುಸ್ತಿ ಗೆಲ್ಲುವುದಕ್ಕಿಂತ ನಲವತ್ತು ದಾಟುವುದಕ್ಕೆ.

"ನಮ್ಮಪ್ಪ ಬಸ್ಕಿ ಒಡ್ದೋನಲ್ಲ, ಸತ್ತ. ನಮ್ಮಣ್ಣ ಬೀಡಿ ಬುಡ್ನಿಲ್ಲ, ಸತ್ತ. ನನ್ನೆದೆ ಗುದ್ದಿ ನೋಡ್ಲಾ ಕಾಲೇಜು, ಕಲ್ಲು ಕಣ್ಲಾ!" ಎಂದು ನನಗೆ ಹೇಳುತ್ತಿದ್ದರು.

ಊರಿನಲ್ಲಿ ಯಾರಿಗೆ ಉಳುಕಿದರೂ ಬರುತ್ತಿದ್ದದ್ದು ಅವರ ಹತ್ತಿರ. ಅವರದೊಂದು ಕಟ್ಟಳೆಯಿತ್ತು: ಎಣ್ಣೆ ಹಾಕಿ ನೀವಿಸಿಕೊಂಡವನು ಮಲಗಬಾರದು, ನೊಂದ ಕೈಯಿಂದಲೇ ಗದೆ ತಿರುಗಿಸಿ ಬೆವರಿಳಿಸಬೇಕು.

ಆ ಬೆಳಿಗ್ಗೆ ಅವರೇ ಗೋಡೆಗೊರಗಿ ಕೂತಿದ್ದರು.

"ಎಡರಟ್ಟೆ ಇಡ್ಕೊಂಡದೆ. ನೆನ್ನೆ ಆ ಕೆರಗೋಡಿನವನು ಪಟ್ಟಾಕ್ದಾಗ ಉಳುಕಿರ್ಬೇಕು. ದವಡೆಗಂಟ ಅತ್ತದೆ."

ಇನ್ನೂ ಸಾಮು ಶುರುಮಾಡಿರಲಿಲ್ಲ. ಆದರೂ ಮುಖದ ಮೇಲೆ ಬೆವರು ಹರಿಯುತ್ತಿತ್ತು. ಅವರ ತಂದೆಯ ನೆನಪು ಬಂತು.

"ಉಸ್ತಾದ್ರೇ, ಇದು ಉಳುಕಲ್ಲ, ಆಸ್ಪತ್ರೆಗೆ ನಡೀರಿ" ಎಂದೆ. ಹೀಗೆಂದೇ ಇಷ್ಟು ವರ್ಷ ಗೆಳೆಯರಿಗೆ ಹೇಳಿಕೊಂಡು ಬಂದಿದ್ದೇನೆ. ಈಗ ಯೋಚಿಸಿದರೆ ಆ ಮಾತಿನಲ್ಲಿ ಕೇಳಿಸುವುದು ನನ್ನ ಇವತ್ತಿನ ದನಿ. ಇಪ್ಪತ್ತರ ಹುಡುಗ ಉಸ್ತಾದರಿಗೆ ಹಾಗೆ ಎದುರಾಡಿರಲಾರ... ಸ್ಪಷ್ಟವಾಗಿ ನೆನಪಿರುವುದು ಬೇರೆ. "ಜಾಗ ಬುಡ್ರಲಾ, ಕಾಲೇಜು ಸಾಯೇಬ್ರು ನೀವ್ತಾರಂತೆ!" ಎಂದು ಯಾರೋ ನಕ್ಕದ್ದು. ಬಿಸಿ ಎಣ್ಣೆ ನನ್ನ ಅಂಗೈಯಲ್ಲಿದ್ದದ್ದು.

ನೀವಿದವನು ನಾನು.

ಅವರು ಎದ್ದು ಎಡಗೈಯಲ್ಲಿ ಗದೆ ಎತ್ತಿದರು. ನಾಲ್ಕು ಸುತ್ತೋ ಐದೋ. ಆಮೇಲೆ ಗದೆಯನ್ನು ನಿಧಾನವಾಗಿ ಕೆಳಗಿಟ್ಟು, ಆಯಾಸವಾದವರಂತೆ ಮಣ್ಣಿನ ಮೇಲೆ ಕೂತರು. "ಮನೇಲಿ ಯೋಳ್ಬೇಡ್ರಲಾ, ಬಸುರಿ ಎಂಗ್ಸು ಎದ್ರುಕೊಂಡಾಳು" ಎಂದರು. ಅದೇ ಅವರ ಕೊನೆಯ ಮಾತು.

ಆ ಮಾತಿಗೆ ಕಟ್ಟುಬಿದ್ದು ಎಲ್ಲರೂ ಅವರ ಹೆಂಡತಿಗೆ ಹೇಳಿದ್ದು ಒಂದೇ: ಕೆರಗೋಡಿನವನ ಪಟ್ಟಿಗೆ ಒಳಗೇಟಾಗಿತ್ತು. ನಾನೂ ತಲೆಯಾಡಿಸಿದೆ.

ಆಗ ಹೊಟ್ಟೆಯಲ್ಲಿದ್ದ ಮಗ ಈಗ ಶಿವನಸಮುದ್ರದಲ್ಲಿ ಕರೆಂಟಿನ ಕೆಲಸದಲ್ಲಿದ್ದಾನೆ. ಮೂವತ್ತೇಳು ವರ್ಷ. ಹೋದ ತಿಂಗಳು ಮನೆಗೆ ಬಂದಿದ್ದ. ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದಂತೆ.

"ಡಾಕ್ಟ್ರು ನಿಮ್ಮಪ್ಪ ಯಾತ್ರಲ್ಲಿ ಓದ್ರು ಅಂದ್ರು ಮಾವ. ಕುಸ್ತೀಲಿ ಏಟು ಬಿದ್ದು ಅಂದೆ. ಅವ್ವ ಅಂಗೇ ಯೋಳಿದ್ಲು. ನೀವಲ್ಲೇ ಇದ್ರಂತಲ್ಲ, ದಿಟ್ವಾ?"

"ಬಹಳ ವರ್ಷವಾಯ್ತಲ್ಲಪ್ಪ, ಸರಿಯಾಗಿ ನೆನಪಿಲ್ಲ" ಎಂದೆ. ನೆನಪನ್ನು ನಂಬಬಾರದೆಂಬ ನನ್ನ ಈ ಎಚ್ಚರ ಅಂದು ಎಷ್ಟು ಅನುಕೂಲಕ್ಕೆ ಬಂತು! ಅವನು ಹಗುರಾಗಿ, ನಗುತ್ತ ಹೋದ.

ಇವತ್ತು ಬೆಳಿಗ್ಗೆ ಅವನಿಗೆ ಕಾಗದ ಬರೆದೆ. ಏಟಲ್ಲ, ಎದೆನೋವು. ನಿನ್ನ ತಾತನಿಗೂ, ದೊಡ್ಡಪ್ಪನಿಗೂ ಅದೇ. ಡಾಕ್ಟರಿಗೆ ಹೇಳು. ನಾನು ಆಡಿದೆನೋ ಇಲ್ಲವೋ ತಿಳಿಯದ ಮಾತನ್ನು ಅದರಲ್ಲಿ ಸೇರಿಸಲಿಲ್ಲ. ಉಸ್ತಾದರಿಗೆ ಹೇಳಬೇಕಾಗಿದ್ದುದನ್ನು ಇನ್ನು ಹೇಳುವಂತಿಲ್ಲ. ಅಂಚೆ ತಲುಪಲು ಎರಡು ದಿನವಾದರೂ ಬೇಕು. ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ಶಿವನಸಮುದ್ರಕ್ಕೆ ಹೋಗಲು ಮಳವಳ್ಳಿ ಬಸ್ಸಿಗೆ ಹೊರಟಿದ್ದೇನೆ.