ಎಣ್ಣಿ ಎಂದರೆ ಯಾವ ಎಣ್ಣೆ

ತಡೆಯಿರಿ, ಪುಟ ತಿರುಗಿಸಬೇಡಿ. ಎಣ್ಣೆ ಅಂದ ಕೂಡಲೆ ಅಡುಗೆಯ ಬರಹ ಅಂದುಕೊಳ್ಳುತ್ತೀರಿ. ನಾನು ಹೇಳಬೇಕಾದ ಎಣ್ಣೆ ಇನ್ನೂ ಬರುವುದಿದೆ, ಅಲ್ಲಿಯವರೆಗೆ ಕೂತಿರಿ.

ನಾನು ಮುಂಬಯಿಯ ಒಂದು ಅಪರಾಧ ಪ್ರಯೋಗಾಲಯದಲ್ಲಿ ವಿಷ ಪರೀಕ್ಷೆ ಮಾಡುವವಳು. ಮಾಡುವವಳು ಅನ್ನುವುದು ಸ್ವಲ್ಪ ಜಂಬದ ಮಾತು. ಹೊಸಬಳಾದ್ದರಿಂದ ಬಾಟಲಿ ತೊಳೆಯುತ್ತೇನೆ, ಚೀಟಿ ಅಂಟಿಸುತ್ತೇನೆ, ಸತ್ತವರ ಹೊಟ್ಟೆಯ ತುಣುಕು ಅರೆಯುತ್ತೇನೆ, ಮಷಿನ್ ಹೇಳಿದ್ದನ್ನು ಮೇಡಂ ಮುಂದೆ ಇಡುತ್ತೇನೆ. ಕುರ್ಲಾದ ಚಾಳಿನಲ್ಲಿ ಮೊಬೈಲ್ ಹಿಡಿದು ವಿಷಗಳ ವಿಡಿಯೊ ನೋಡುತ್ತ ಬೆಳೆದವಳಿಗೆ ಇದು ಕನಸಿನ ಕೆಲಸ. ಪಕ್ಕದ ಮನೆಯ ಕಾಕು ಹಾಲಿನ ಪಾಕೀಟು ತಂದು, "ಇದರಾಗ ಏನ್ ಕಲಸ್ಯಾರ ನೋಡವಾ" ಅನ್ನುತ್ತಾಳೆ. ಮಾಟುಂಗದ ಒಂದು ಮದುವೆಯಲ್ಲಿ ನನ್ನ ಕೆಲಸ ಏನೆಂದು ಕೇಳಿ ತಿಳಿದ ಹೆಂಗಸೊಬ್ಬಳು, ನನ್ನ ಕೈಯಲ್ಲಿದ್ದ ಪಾಯಸದ ಸೌಟನ್ನು ಮೆಲ್ಲಗೆ ಈಸಿಕೊಂಡಳು.

ಕನ್ನಡ ಅಕ್ಷರ ಕಲಿತದ್ದೂ ಮೊಬೈಲಿನಲ್ಲೇ. ಎಣ್ಣೆ ಎಂಬ ಪದ ಎಳ್ಳಿನಿಂದ ಬಂದದ್ದಂತೆ. ಎಳ್ಳಿನ ನೆಯ್, ಅಂದರೆ ಎಳ್ಳಿನ ಜಿಡ್ಡೇ ಎಣ್ಣೆಯಾಯಿತಂತೆ. ಆಮೇಲೆ ಎಳ್ಳು ಮರೆತುಹೋಗಿ ಶೇಂಗಾ, ಕೊಬ್ಬರಿ ಎಲ್ಲ ಒಳಗೆ ಬಂದವು. ಬೆಂಗಳೂರಿನ ನನ್ನ ಕಸಿನ್ ಎಣ್ಣೆ ಪಾರ್ಟಿ ಅಂದರೆ ಅಲ್ಲಿ ಯಾರೂ ಬಜ್ಜಿ ಕರಿಯುವುದಿಲ್ಲ. ವಿಜಯಪುರ ಕಡೆಯ ನಮ್ಮವ್ವ ಮಾತ್ರ ತಿಗಣೆಗೂ ಜೊಂಡಿಗ ಅಂದರೆ ಜಿರಳೆಗೂ "ಎಣ್ಣಿ ಹೊಡಿಬೇಕು" ಅನ್ನುತ್ತಾಳೆ. ಅವಳಿಗೆ ಕೀಟನಾಶಕವೂ ಎಣ್ಣಿಯೇ. ಇದೆಲ್ಲ ತಮಾಷೆಯೆಂದೇ ನಾನು ತಿಳಿದಿದ್ದೆ.

ಒಂದು ದಿನ ಹವಾಲ್ದಾರನೊಬ್ಬ ಮೊಹರು ಹಾಕಿದ ಡಬ್ಬಿ ತಂದ. ಅದರಲ್ಲಿ ಸತ್ತವನೊಬ್ಬನ ಹೊಟ್ಟೆಯ ತುಣುಕು. ಸತ್ತವನ ಹೆಂಡತಿ ಹವಾಲ್ದಾರನ ಹಿಂದೆ ನಿಂತಿದ್ದಳು. ಮನೆಯವರನ್ನು ನಾವು ಮಾತಾಡಿಸುವ ಹಾಗಿಲ್ಲ. ಆದರೆ ಹವಾಲ್ದಾರ ಕನ್ನಡ ಬಲ್ಲವರು ಯಾರೆಂದು ಕೇಳಿದ, ಇದ್ದವಳು ನಾನೊಬ್ಬಳೇ.

"ಮೇಡಂ, ಎಣ್ಣಿ ಮತ್ಲಬ್ ದಾರೂ ನಾ? ಬೆಂಗಳೂರ್‌ವಾಲಾ ಏಕ್ ಲಡಕಾ ಬೋಲಾ. ಹಮ್ ನೇ ವಹೀ ಲಿಖಾ ಹೈ."

ಆಕೆ ಹೇಳಿದ ಎಣ್ಣಿಗೆ ಬೆಂಗಳೂರಿನ ಯಾವನೋ ಹುಡುಗ ಹೆಂಡ ಎಂದು ಅರ್ಥ ಹೇಳಿದ್ದ, ಇವರು ಅದನ್ನೇ ಬರೆದುಕೊಂಡಿದ್ದರು. ಆಕೆಗೆ ದಾರೂ ಅನ್ನುವುದಷ್ಟೇ ಕೇಳಿಸಿತು. "ಇಲ್ರೀ ಅಕ್ಕಾರ, ನನ್ನ ಗಂಡ ಒಂದ ದಿನಾನೂ ಕುಡದಾಂವಲ್ಲ. ಮಲಾಡ್‌ದಾಗ ಬಿಲ್ಡಿಂಗಿಗೆ ಜೊಂಡಿಗದ ಎಣ್ಣಿ ಹೊಡಿಯಾಕ ಹೋಗತಿದ್ದ. ಕ್ಯಾನಿನಾಗಿಂದು ಪಂಪಿಗೆ ಹಾಕಾಕ ಪೈಪ್ ಬಾಯಾಗ ಹಿಡದು ಜಗ್ಯಾನ. ಎಣ್ಣಿ ಬಾಯಾಗ ಹೋಗೇತಿ. ಕೆಲಸಕ್ಕ ಇಟ್ಕೊಂಡ ಏಜೆನ್ಸಿಯಾಂವ ಎಣ್ಣಿ ತಗ್ಯಾಕ ಬ್ಯಾರೆ ಏನೂ ಕೊಟ್ಟಿರಲಿಲ್ಲ."

ನಾನು ಓಡಿಹೋಗಿ ಮೇಡಂಗೆ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ನೀನು ಅನಲಿಸ್ಟೋ, ದುಭಾಷಿಯೋ?" ಅಂದರು. ಆಮೇಲೆ, "ಆಯ್ತು, ಹೆಂಡ, ಕೀಟನಾಶಕ ಎರಡೂ ನೋಡು."

ಹೆಂಡ ಒಂದು ಹನಿಯೂ ಇರಲಿಲ್ಲ. ಕೀಟನಾಶಕ ಇತ್ತು. ಆ ಸಂಜೆ ಮಾಟುಂಗಕ್ಕೆ ಹೋಗಿ, ಎಣ್ಣೆ ಜಾಸ್ತಿ ಹಾಕಿಸಿಕೊಂಡು ಮಸಾಲೆ ದೋಸೆ ತಿಂದೆ. ಅವ್ವನ ಒಂದು ಮಾತು ಗೊತ್ತಿದ್ದುದರಿಂದ ಸತ್ತವನೊಬ್ಬನಿಗೆ ಅಂಟಿದ್ದ ಕುಡುಕನೆಂಬ ಹೆಸರು ಹೋಯಿತಲ್ಲ ಎಂದು ಒಳಗೊಳಗೇ ಬೀಗಿದೆ. ಲೋಕಲ್ ರೈಲಿನಲ್ಲಿ ನಿಂತೇ ಬಂದರೂ ಕಾಲು ನೋಯಲಿಲ್ಲ.

ವರದಿ ಒಯ್ಯಲು ಹವಾಲ್ದಾರ ಬಂದ, ಜೊತೆಗೆ ಆಕೆಯೂ. ಅವನು ಓದಿ ತಲೆಯಾಡಿಸಿದ. "ಜಹರ್ ನಿಕ್ಲಾ. ಫಿರ್ ತೋ ಸೂಸೈಡ್ ಹೈ."

ವಿಷ ಸಿಕ್ಕಿದ ಮೇಲೆ ಆತ್ಮಹತ್ಯೆಯೇ ಎಂದು ಅವನ ಲೆಕ್ಕ. ನಾನು ಪೈಪಿನ ಸಂಗತಿ ಹೇಳಿದೆ.

"ರಿಪೋರ್ಟ್ ಮೇ ಪೈಪ್ ಲಿಖಾ ಹೈ ಕ್ಯಾ?"

ಬರೆದಿರಲಿಲ್ಲ. ಬರೆಯುವ ಹಾಗೂ ಇರಲಿಲ್ಲ. ಮೇಡಂ ಹತ್ತಿರ ಹೋದರೆ ಅವರು ಸಿಟ್ಟಾಗಲೂ ಇಲ್ಲ. "ಹೊಟ್ಟೆಯಲ್ಲಿ ಏನಿತ್ತು ಅಂತ ಕೇಳಿದರು, ಹೇಳಿದ್ದೇವೆ. ಹೇಗೆ ಹೋಯಿತು ಅನ್ನುವುದು ಪೊಲೀಸರ ಕೆಲಸ." ಪೊಲೀಸರು ನಮ್ಮ ಕಾಗದ ನೋಡುತ್ತಾರೆ, ನಾವು ಪೊಲೀಸರ ಕಾಗದ ನೋಡುತ್ತೇವೆ. ಪೈಪನ್ನು ನೋಡುವವರು ಯಾರೆಂದು ನಾನು ಕೇಳಲಿಲ್ಲ, ಹೊಸಬಳು. ಏಜೆನ್ಸಿಯವನಂತೂ ಈಗ ನಿಶ್ಚಿಂತೆಯಿಂದ ಇರಬಹುದು.

ಹೊರಗೆ ಆಕೆ ಕಾಯುತ್ತಿದ್ದಳು. "ಕುಡದಿಲ್ಲಂತ ಬಂತಲ್ರೀ?"

"ಬಂತ್ರಿ ಅಕ್ಕಾ. ದಾರೂ ಇರಲಿಲ್ಲ."

"ಮತ್ತ ಈ ಹವಾಲ್ದಾರ ಯಾಕ ಎಣ್ಣಿ ಕುಡದ ಸತ್ತಾನ ಅಂತಾನ? ಬಾಯಾಗ ಹೋಗೂದು ಬ್ಯಾರೆ, ಕುಡಿಯೂದು ಬ್ಯಾರೆ. ನಿಮ್ಮ ಮಷಿನ್‌ಗೆ ಅಷ್ಟೂ ತಿಳಿಯೂದಿಲ್ಲೇನ್ರಿ?"

ನನ್ನ ಮಷಿನ್ ಕೋಟಿಯಲ್ಲಿ ಒಂದು ಪಾಲು ವಿಷವನ್ನೂ ಹಿಡಿಯುತ್ತದೆ ಎಂದು ಚಾಳಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಕುಡಿದದ್ದಕ್ಕೂ ಬಾಯಿಗೆ ಹೋದದ್ದಕ್ಕೂ ಇರುವ ವ್ಯತ್ಯಾಸ ಅದರ ಕೈಗೆ ಸಿಗುವಷ್ಟು ದೊಡ್ಡದಲ್ಲ. ಕುಡುಕ ಎಂಬ ಪದವನ್ನು ಒರೆಸಿದೆ ಅಂದುಕೊಂಡಿದ್ದೆ. ಆ ಜಾಗದಲ್ಲಿ ಇನ್ನೊಂದು ಪದ ಬಂದು ಕೂತಿತು, ಅದಕ್ಕೆ ಪುರಾವೆ ಒದಗಿಸಿದವಳೂ ನಾನೇ. ಈಗ ಅವ್ವ "ಎಣ್ಣಿ ತೀರೇತಿ, ತಗೊಂಡ ಬಾ" ಎಂದರೆ, ಯಾವ ಎಣ್ಣಿ ಎಂದು ಕೇಳುತ್ತೇನೆ. ಅವಳು ನನಗೆ ತಲೆ ಕೆಟ್ಟಿದೆ ಅನ್ನುತ್ತಾಳೆ.

ನಿಮ್ಮ ಮನೆಯ ಮಾತೂ ಹೀಗೆ ಕಚೇರಿಯ ಕಾಗದಕ್ಕೆ ಹೋಗಿ ಬೇರೆಯೇ ಆಗಿರಬಹುದು. ಆಗಿದ್ದರೆ ನನಗೆ ಬರೆಯಿರಿ. ಏನಾಯಿತು ಅನ್ನುವುದರ ಜೊತೆ ಹೇಗಾಯಿತು ಅನ್ನುವುದನ್ನೂ ಬರೆಯಿರಿ. ನಮ್ಮ ವರದಿಯಲ್ಲಿ ಅದಕ್ಕೆ ಜಾಗವಿಲ್ಲ.